ಇಬ್ಬರ ಆಟ, ಮೂರನೆಯವನ ಗಳಿಕೆ

ರಮ್ಮಿ, ಅಂದರ್ ಬಾಹರ್ ಮುಂತಾದ ಇಸ್ಪೀಟಾಟಗಳ ಹೆಸರು ನಮ್ಮ ಊರುಗಳಿಗೆ ಹೊಸದಲ್ಲ. ಪೋಕರ್ ಎಂಬ ಹೆಸರು ಮಾತ್ರ ಬಹುಪಾಲು ಮನೆಗಳಿಗೆ ಮೊಬೈಲಿನ ಮೂಲಕವೇ ಬಂದುದು. ಜಾಹೀರಾತುಗಳು ಅದನ್ನು ‘ಕೌಶಲದ ಆಟ’ವೆಂದು ವರ್ಣಿಸಿದವು, ಕಂಪನಿಗಳ ಪರವಾಗಿ ನ್ಯಾಯಾಲಯಗಳಲ್ಲಿ ನಿಂತ ನನ್ನ ವೃತ್ತಿಬಾಂಧವರೂ ಅದೇ ಮಾತನ್ನು ವರ್ಷಗಟ್ಟಲೆ ವಾದಿಸಿದರು. ಆ ಮಾತು ಸುಳ್ಳಲ್ಲ. ಆದರೆ ಅದು ನಿಜವಾಗಿರುವುದರಿಂದ ಹೊಸದಾಗಿ ಆಡಹೊರಟ ಹುಡುಗನಿಗೆ ಆಗುವುದು ಲಾಭವೋ ನಷ್ಟವೋ ಎಂಬುದನ್ನು ಯಾರೂ ಬಿಡಿಸಿ ಹೇಳಿದಂತಿಲ್ಲ. ಇಬ್ಬರೇ ಎದುರುಬದುರು ಕುಳಿತು ಆಡುವ ಪಂದ್ಯವನ್ನು ತೆಗೆದುಕೊಂಡರೆ ಈ ಲೆಕ್ಕ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಪಾಠವನ್ನು ಓದಿದ ವಿದ್ಯಾರ್ಥಿ ಇದನ್ನು ತಾನೇ ಮಾಡಿ, ಮನೆಯವರಿಗೂ ತೋರಿಸಬಹುದು.

ಮೊದಲು ಆಟದ ಸ್ವರೂಪ. ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಪ್ರಚಲಿತ ಬಗೆಯಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆಗಳು ಬರುತ್ತವೆ. ನಡುವೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಹಂತಹಂತವಾಗಿ ಬಿಡಿಸುತ್ತಾರೆ. ಈ ಏಳರಲ್ಲಿ ಒಳ್ಳೆಯ ಐದು ಯಾರವೋ ಅವನು ಗೆದ್ದ. ಪ್ರತಿ ಹಂತದಲ್ಲೂ ಪಣವನ್ನು ಏರಿಸಬಹುದು, ಸರಿಗಟ್ಟಬಹುದು, ಇಲ್ಲವೇ ಎಲೆಗಳನ್ನು ಎಸೆದು ಹಿಂದೆ ಸರಿಯಬಹುದು. ಒಂಬತ್ತು ಮಂದಿ ಕುಳಿತ ಮೇಜಿನಲ್ಲಿ ಕಡ್ಡಾಯ ಪಣದ ಸರದಿ ಒಂಬತ್ತು ಕೈಗಳಲ್ಲಿ ಎರಡು ಬಾರಿ ಮಾತ್ರ ಬರುತ್ತದೆ. ಆದುದರಿಂದ ಅಲ್ಲಿ ಕೆಟ್ಟ ಎಲೆಗಳನ್ನು ಎಸೆದು ಒಳ್ಳೆಯದಕ್ಕಾಗಿ ಕಾಯಬಹುದು. ಇಬ್ಬರ ಆಟದಲ್ಲಿ ಆ ಸೌಲಭ್ಯವಿಲ್ಲ. ಪ್ರತಿ ಕೈಗೂ ಇಬ್ಬರೂ ಕಡ್ಡಾಯವಾಗಿ ಪಣವಿಡಬೇಕು. ಜೋಡಿ ಎಕ್ಕಗಳು ಬರುವುದು ಸರಾಸರಿ 221 ಕೈಗಳಲ್ಲಿ ಒಮ್ಮೆ. ಅದನ್ನೇ ಕಾಯುತ್ತ ಕುಳಿತವನ ಬಿಲ್ಲೆಗಳೆಲ್ಲ ಅಷ್ಟರೊಳಗೆ ಎದುರಾಳಿಯ ಪಾಲಾಗಿರುತ್ತವೆ. ಹೀಗಾಗಿ ಸಾಧಾರಣ ಎಲೆಗಳಿಂದಲೂ ಆಡಬೇಕು, ಎದುರಾಳಿಯ ಮನಸ್ಸನ್ನು ಊಹಿಸಬೇಕು, ಇಲ್ಲದ ಬಲವನ್ನು ಇರುವಂತೆ ನಟಿಸಬೇಕು. ಮಾತಿನ ಸರದಿ ಕೊನೆಗೆ ಬರುವವನಿಗೆ ಅನುಕೂಲ ಹೆಚ್ಚು. ಎದುರಾಳಿ ಏನು ಮಾಡಿದನೆಂದು ಕಂಡಮೇಲೆ ಅವನು ನಿರ್ಧರಿಸುತ್ತಾನೆ. ಇಷ್ಟೆಲ್ಲವೂ ನಿಶ್ಚಯವಾಗಿ ಕೌಶಲವೇ.

ಅದೃಷ್ಟದ ಪಾಲೂ ಸಣ್ಣದಲ್ಲ. ಇಬ್ಬರ ಆಟದಲ್ಲಿ ಅತ್ಯಂತ ದುರ್ಬಲವೆನಿಸಿದ ಎಲೆಗಳೆಂದರೆ ಬೇರೆಬೇರೆ ಬಣ್ಣದ ಎರಡು ಮತ್ತು ಮೂರು. ಎದುರಾಳಿಗೆ ಯಾವುದೋ ಎರಡು ಎಲೆಗಳು ಬಂದಿವೆಯೆಂದು ಎಣಿಸಿ, ಕೊನೆಯವರೆಗೆ ಬಿಡಿಸಿ ನೋಡಿದರೆ, ಇವು ಕೂಡ ಸುಮಾರು ಮೂರಕ್ಕೆ ಒಂದು ಸಲ ಗೆಲ್ಲುತ್ತವೆ. ಜೋಡಿ ಎಕ್ಕಗಳೂ ನೂರರಲ್ಲಿ ಸುಮಾರು 15 ಸಲ ಸೋಲುತ್ತವೆ. ಹೊಸಬನು ಮೊದಲ ವಾರದಲ್ಲೇ ಪಳಗಿದವನನ್ನು ಸೋಲಿಸುವುದು ಇದರಿಂದಲೇ ಸಾಧ್ಯವಾಗುತ್ತದೆ. ಚದುರಂಗದಲ್ಲಿ ಹಾಗಾಗುವುದಿಲ್ಲ, ಅಲ್ಲಿ ಮೊದಲ ದಿನವೇ ಸೋತು, ತನ್ನ ಮಟ್ಟವೇನೆಂದು ತಿಳಿದುಕೊಂಡು ಎದ್ದು ಬರುತ್ತೇವೆ.

ಈಗ ಹಣದ ವಿಚಾರಕ್ಕೆ ಬರೋಣ. ಇಬ್ಬರ ಪಂದ್ಯಕ್ಕೆ ತಲಾ 100 ರೂಪಾಯಿ ಪಣ, ಅದರ ಮೇಲೆ ಆಟ ನಡೆಸುವವನಿಗೆ ತಲಾ 10 ರೂಪಾಯಿ ಶುಲ್ಕ ಎಂದಿಟ್ಟುಕೊಳ್ಳೋಣ. ಗೆದ್ದವನಿಗೆ 200, ಸೋತವನಿಗೆ ಏನೂ ಇಲ್ಲ. ಸಮಬಲರಾದ ಇಬ್ಬರು ನೂರು ಪಂದ್ಯ ಆಡಿದರೆ ತಲಾ 50 ಗೆಲ್ಲುತ್ತಾರೆ. ಪ್ರತಿಯೊಬ್ಬನೂ ಕೊಟ್ಟದ್ದು 11,000, ಪಡೆದದ್ದು 10,000. ಇಬ್ಬರಿಗೂ ಸಾವಿರ ಸಾವಿರ ನಷ್ಟ. ಮೇಜು ಹಾಕಿಕೊಟ್ಟವನಿಗೆ ಎರಡು ಸಾವಿರ ಲಾಭ. ಅವನು ಒಂದು ಎಲೆಯನ್ನೂ ಮುಟ್ಟಲಿಲ್ಲ, ಒಂದು ರೂಪಾಯಿಯ ಪಣವನ್ನೂ ಇಡಲಿಲ್ಲ.

ಶುಲ್ಕವನ್ನು ಮೀರಿ ಅಸಲು ಉಳಿಸಿಕೊಳ್ಳಬೇಕಾದರೆ 110ನ್ನು 200ರಿಂದ ಭಾಗಿಸಬೇಕು. ಉತ್ತರ ನೂರಕ್ಕೆ 55. ಇಬ್ಬರ ಆಟದಲ್ಲಿ ಒಬ್ಬನ ಗೆಲುವು ಮತ್ತೊಬ್ಬನ ಸೋಲು. ಎಲ್ಲ ಆಟಗಾರರ ಗೆಲುವುಗಳನ್ನು ಕೂಡಿಸಿದರೆ ಒಟ್ಟು ಪಂದ್ಯಗಳ ಸರಿ ಅರ್ಧಕ್ಕೆ ಬರಲೇಬೇಕು, ಅಂದರೆ ಸರಾಸರಿ 50. ಎಲ್ಲರೂ ಎಷ್ಟೇ ಅಭ್ಯಾಸ ಮಾಡಿದರೂ ಆ ಸರಾಸರಿ 51 ಆಗುವುದಿಲ್ಲ. ಶಾಲೆಯ ಪರೀಕ್ಷೆಯಲ್ಲಿ ಇಡೀ ತರಗತಿ ಉತ್ತೀರ್ಣವಾಗಬಹುದು. ಇಲ್ಲಿ ಅದು ಗಣಿತಕ್ಕೇ ವಿರುದ್ಧ.

ಕೌಶಲವನ್ನು ಲೆಕ್ಕಕ್ಕೆ ತರೋಣ. ರಾಮ ನುರಿತವನು, ನೂರಕ್ಕೆ 60 ಗೆಲ್ಲುತ್ತಾನೆ. ಭೀಮ ಹೊಸಬ, 40 ಗೆಲ್ಲುತ್ತಾನೆ. ನೂರು ಪಂದ್ಯಗಳ ಕೊನೆಗೆ ರಾಮನಿಗೆ ಬಂದದ್ದು 12,000, ಕೊಟ್ಟದ್ದು 11,000. ಲಾಭ ಒಂದು ಸಾವಿರ. ಭೀಮನಿಗೆ ಬಂದದ್ದು 8,000, ಕೊಟ್ಟದ್ದು ಅದೇ 11,000. ನಷ್ಟ ಮೂರು ಸಾವಿರ. ಭೀಮ ಕಳೆದುಕೊಂಡ ಮೂರು ಸಾವಿರದಲ್ಲಿ ಒಂದು ಪಾಲು ನುರಿತ ರಾಮನಿಗೆ, ಎರಡು ಪಾಲು ಮೂರನೆಯವನಿಗೆ. ಆಟ ಕೇವಲ ಅದೃಷ್ಟದ್ದಾಗಿದ್ದರೆ ಭೀಮನಿಗೂ ಅರ್ಧ ಗೆಲುವು ದಕ್ಕಿ, ಅವನ ನಷ್ಟ ಒಂದು ಸಾವಿರಕ್ಕೆ ನಿಲ್ಲುತ್ತಿತ್ತು. ಕೌಶಲದ ಆಟವಾದುದರಿಂದಲೇ ಅದು ಮೂರು ಪಟ್ಟಾಯಿತು. ಜಾಹೀರಾತಿನಲ್ಲಿ ಭರವಸೆಯಂತೆ ಕೇಳಿಸುವ ಮಾತು ಹೊಸಬನ ಪಾಲಿಗೆ ಎಚ್ಚರಿಕೆಯೆಂದು ನಾನು ಎಣಿಸುವುದು ಇದಕ್ಕಾಗಿ.

ಹಾಗಾದರೆ ತಾನು ರಾಮನೋ ಭೀಮನೋ ಎಂಬುದು ಆಡುವವನಿಗೆ ತಿಳಿಯುವುದು ಯಾವಾಗ? ಬೇಗ ತಿಳಿಯುವುದಿಲ್ಲ ಎಂಬಲ್ಲಿಯೇ ತೊಡಕಿದೆ. ಯಾವ ವಿಶೇಷ ಕೌಶಲವೂ ಇಲ್ಲದ, ಸರಿಯಾಗಿ ಅರ್ಧಕ್ಕರ್ಧ ಗೆಲ್ಲುವ ಬಲದ ಆಟಗಾರರು ತಲಾ 20 ಪಂದ್ಯ ಆಡಿದರೆ, ನಾಲ್ವರಲ್ಲಿ ಒಬ್ಬ 12 ಅಥವಾ ಹೆಚ್ಚು ಗೆದ್ದು ಲಾಭದಲ್ಲಿರುತ್ತಾನೆ. ಅವನು ಅದನ್ನು ತನ್ನ ಬುದ್ಧಿವಂತಿಕೆಯೆಂದೇ ತಿಳಿಯುತ್ತಾನೆ. ಗೆಳೆಯರಿಗೂ ಹಾಗೆಯೇ ಹೇಳುತ್ತಾನೆ. ಅಂಥವರೇ 500 ಪಂದ್ಯ ಆಡಿದ ಮೇಲೆ ಲಾಭದಲ್ಲಿ ಉಳಿಯುವವರು ನೂರಕ್ಕೆ ಸುಮಾರು ಒಬ್ಬರು. ಇಪ್ಪತ್ತಕ್ಕೂ ಐನೂರಕ್ಕೂ ನಡುವೆ ಹೋಗುವುದು ಕೇವಲ ಕಾಲವಲ್ಲ; ಪ್ರತಿ ಪಂದ್ಯಕ್ಕೆ 20 ರೂಪಾಯಿಯಂತೆ ಶುಲ್ಕವೂ ಹೋಗುತ್ತಿರುತ್ತದೆ. ಪಂದ್ಯ ಬೇಗ ಮುಗಿಯುವಂತೆ ಕಡ್ಡಾಯ ಪಣವನ್ನು ಕೆಲವೇ ನಿಮಿಷಗಳಿಗೊಮ್ಮೆ ಏರಿಸುವ ‘ಟರ್ಬೊ’ ಬಗೆಯಲ್ಲಿ ಎಲೆಗಳ ಅದೃಷ್ಟಕ್ಕೆ ಪ್ರಾಧಾನ್ಯ ಹೆಚ್ಚುತ್ತದೆ, ಕೌಶಲಕ್ಕೆ ಅವಕಾಶ ಕುಗ್ಗುತ್ತದೆ. ಗಂಟೆಗೆ ಬರುವ ಶುಲ್ಕವಂತೂ ಏರುತ್ತದೆ.

ಎದುರಾಳಿ ಮನುಷ್ಯನೇ ಎಂಬ ನಂಬಿಕೆಯನ್ನೂ ಸ್ವಲ್ಪ ಪರಿಶೀಲಿಸಬೇಕು. ಪಣದ ಮೊತ್ತಕ್ಕೆ ಮಿತಿಯಿರುವ ಇಬ್ಬರ ಹೋಲ್ಡೆಮ್ ಆಟವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಗಣಕಯಂತ್ರದಿಂದ ಬಹುಮಟ್ಟಿಗೆ ಬಿಡಿಸಿಬಿಟ್ಟರು; ಆ ಕ್ರಮವಿಧಿಗೆ ಎದುರಾಗಿ ಮನುಷ್ಯನೊಬ್ಬ ಜೀವಮಾನವಿಡೀ ಆಡಿದರೂ ಅದರ ದೋಷವನ್ನು ಖಚಿತವಾಗಿ ಗುರುತಿಸಿ ಗೆಲ್ಲಲಾರ. ಮಿತಿಯಿಲ್ಲದ ಬಗೆಯಲ್ಲಿ 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರಾಟಸ್’ ಎಂಬ ಕ್ರಮವಿಧಿ ನಾಲ್ವರು ವೃತ್ತಿಪರ ಆಟಗಾರರೊಡನೆ ಇಬ್ಬರ ಆಟದ ಕ್ರಮದಲ್ಲಿ 1,20,000 ಕೈಗಳನ್ನು ಆಡಿ ನಾಲ್ವರನ್ನೂ ಸೋಲಿಸಿತು. ಅದಕ್ಕೆ ಆಗ ಮಹಾಗಣಕದ ನೆರವು ಬೇಕಾಗಿತ್ತೆಂಬುದು ನಿಜ. ಆದರೆ ಹೊಸಬನನ್ನು ಸೋಲಿಸಲು ಅಷ್ಟು ದೊಡ್ಡ ಯಂತ್ರ ಬೇಡ. ಅಂಗಳದ ಆಟದಲ್ಲಿ ಎದುರಿಗಿರುವವನ ಮುಖವಾದರೂ ಕಾಣುತ್ತದೆ; ಪರದೆಯ ಮೇಲೆ ಕಾಣುವುದು ಒಂದು ಹೆಸರು, ಒಂದು ಚಿತ್ರ.

ಇಲ್ಲಿಯವರೆಗೆ ಹೇಳಿದ್ದು ಒಂದೇ ಪಂದ್ಯದ ಲೆಕ್ಕ. ಇಬ್ಬಿಬ್ಬರಂತೆ ಆಡಿ, ಸೋತವರು ಹೊರಗೆ ಹೋಗಿ, ಗೆದ್ದವರು ಮುಂದಿನ ಸುತ್ತಿಗೆ ಏರುವ ಪಂದ್ಯಾವಳಿಗಳೂ ಉಂಟು. ಲಾಸ್ ವೇಗಾಸಿನಲ್ಲಿ 2005ರಲ್ಲಿ ಆರಂಭವಾದ ಅಮೆರಿಕದ ದೂರದರ್ಶನ ಪಂದ್ಯಾವಳಿಯೊಂದರಲ್ಲಿ 64 ಮಂದಿ ಹೀಗೆ ಆಡುತ್ತಿದ್ದರು. ಆರು ಸುತ್ತು ಗೆದ್ದವನೇ ವಿಜೇತ. ಮೊದಲ ವರ್ಷ ಗೆದ್ದವನು ಫಿಲ್ ಹೆಲ್ಮತ್. ನಮ್ಮ ಲೆಕ್ಕಕ್ಕೆ 16 ಮಂದಿ ಸಾಕು. ತಲಾ 100 ರೂಪಾಯಿ ಪಣ, 10 ಶುಲ್ಕ. ಬಹುಮಾನದ ಒಟ್ಟು ಮೊತ್ತ 1,600. ಸಮಬಲರ ನಡುವೆ ಈ ಮೊತ್ತವನ್ನು ಹೇಗೆ ಹಂಚಿದರೂ ತಲೆಗೆ ಬೀಳುವ ಸರಾಸರಿ 100 ಮಾತ್ರ, ಕೊಟ್ಟದ್ದು 110. ಹಂಚಿಕೆಯಿಂದ ಬದಲಾಗುವುದು ಆಟದ ಕ್ರಮ.

ಮೊದಲಿಗನಿಗೆ 1,000, ಎರಡನೆಯವನಿಗೆ 600 ಎಂದು ಹಂಚಿದರೆನ್ನೋಣ. ಅಂತಿಮ ಪಂದ್ಯಕ್ಕೆ ಬಂದ ಇಬ್ಬರಿಗೂ 600 ಆಗಲೇ ಖಚಿತ; ಅವರು ಆಡುವುದು ಉಳಿದ 400ಕ್ಕೆ ಮಾತ್ರ. ಅದಕ್ಕೆ ಹಿಂದಿನ ಪಂದ್ಯವನ್ನು ನೋಡಿ: ಅಲ್ಲಿ ಸೋತವನಿಗೆ ಸೊನ್ನೆ, ಗೆದ್ದವನಿಗೆ 600 ಮತ್ತು 400ರಲ್ಲಿ ಅರ್ಧದ ಆಸೆ, ಒಟ್ಟು 800ರ ಬೆಲೆ. ಪ್ರೇಕ್ಷಕರೆಲ್ಲ ಉಸಿರು ಬಿಗಿಹಿಡಿದು ನೋಡುವ ಅಂತಿಮ ಪಂದ್ಯಕ್ಕಿಂತ ಉಪಾಂತ್ಯದ ಪಂದ್ಯಕ್ಕೆ ಎರಡರಷ್ಟು ತೂಕ! ಮೊದಲಿಗನಿಗೇ 1,600 ಎಂದಿದ್ದರೆ ಇದು ತಿರುಗಿ, ಅಂತಿಮ ಪಂದ್ಯದ ತೂಕವೇ 1,600 ಆಗುತ್ತದೆ. ಯಾವ ಪಂದ್ಯದಲ್ಲಿ ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಎಲೆಗಳಿಗಿಂತ ಮೊದಲು ಬಹುಮಾನದ ಪಟ್ಟಿಯೇ ಹೇಳುತ್ತದೆ.

ಅಂತಿಮ ಪಂದ್ಯದ ಮಧ್ಯದಲ್ಲಿ ಇಬ್ಬರೂ ಆಟ ನಿಲ್ಲಿಸಿ ಹಣ ಹಂಚಿಕೊಳ್ಳಲು ಒಪ್ಪುವುದೂ ಉಂಟು. ಒಬ್ಬನ ಬಳಿ ಬಿಲ್ಲೆಗಳ ಮುಕ್ಕಾಲು ಪಾಲು, ಇನ್ನೊಬ್ಬನ ಬಳಿ ಕಾಲು ಪಾಲು ಇದ್ದರೆ ನ್ಯಾಯವಾದ ಹಂಚಿಕೆ ಯಾವುದು? ಸಮಬಲರಾದರೆ, ಕಾಲು ಪಾಲಿನವನು ತನ್ನದೆಲ್ಲವನ್ನೂ ಒಡ್ಡಿ ಗೆದ್ದರೆ ಅರ್ಧಕ್ಕೆ ಬರುತ್ತಾನೆ, ಮತ್ತೊಮ್ಮೆ ಗೆದ್ದರೆ ಪೂರ್ತಿ. ಅರ್ಧದ ಅರ್ಧ ಕಾಲು. ಅಂದರೆ ಅವನ ಗೆಲುವಿನ ಸಂಭವ ಬಿಲ್ಲೆಗಳ ಪ್ರಮಾಣದಷ್ಟೇ. ಹಾಗೆಂದು 1,600ನ್ನು ಮುಕ್ಕಾಲು–ಕಾಲಾಗಿ ಹಂಚಿ 1,200 ಮತ್ತು 400 ಕೊಟ್ಟರೆ ಅನ್ಯಾಯ. ಖಚಿತವಾದ 600ನ್ನು ಇಬ್ಬರಿಗೂ ಬಿಟ್ಟು, ಉಳಿದ 400ನ್ನಷ್ಟೇ ಹಂಚಬೇಕು. ಆಗ ಒಬ್ಬನಿಗೆ 900, ಮತ್ತೊಬ್ಬನಿಗೆ 700. ಇದನ್ನು ಅರಿಯದೆ 400ಕ್ಕೆ ತಲೆಯಾಡಿಸಿದವನು ಸೋತರೂ ಸಿಗುತ್ತಿದ್ದುದಕ್ಕಿಂತ ಕಡಿಮೆಗೆ ಒಪ್ಪಿದಂತಾಯಿತು.

ಅರ್ಧದಲ್ಲಿ ನಿಂತ ಆಟದ ಹಣವನ್ನು ಹಂಚುವ ಈ ಪ್ರಶ್ನೆಯಿಂದಲೇ ಸಂಭವನೀಯತೆಯ ಗಣಿತ ಹುಟ್ಟಿತೆನ್ನಬಹುದು. ಇಟಲಿಯ ಲೂಕಾ ಪಾಚಿಯೋಲಿ 1494ರ ತನ್ನ ಗ್ರಂಥದಲ್ಲಿ, ಅದುವರೆಗೆ ಗೆದ್ದ ಸುತ್ತುಗಳ ಪ್ರಮಾಣದಲ್ಲಿ ಹಂಚಬೇಕೆಂದು ಬರೆದಿದ್ದನು. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫೆರ್ಮಾ ಪತ್ರಗಳ ಮೂಲಕ ಚರ್ಚಿಸಿ ಅದು ತಪ್ಪೆಂದು ತೋರಿಸಿದರು. ಫೆರ್ಮಾ ತೂಲೂಸ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದು, ಬಿಡುವಿನ ವೇಳೆಯಲ್ಲಿ ಗಣಿತ ಮಾಡಿದವನು; ಕಾನೂನು ಓದಿದವರಿಗೆ ಲೆಕ್ಕ ಬಾರದೆನ್ನುವವರಿಗೆ ನಾನು ಅವನ ಹೆಸರು ಹೇಳುತ್ತೇನೆ. ಪಾಸ್ಕಲನ ಉದಾಹರಣೆ ಇದು: ಇಬ್ಬರೂ ತಲಾ 32 ನಾಣ್ಯ ಇಟ್ಟಿದ್ದಾರೆ, ಮೊದಲು ಮೂರು ಸುತ್ತು ಗೆದ್ದವನಿಗೆ 64. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಂತಿತು. ಮುಂದಿನ ಸುತ್ತನ್ನು ಮೊದಲಿನವನು ಗೆದ್ದಿದ್ದರೆ 64 ಅವನದು. ಸೋತಿದ್ದರೆ ಇಬ್ಬರೂ ಸಮ, 32 ಅವನದು. ಹೇಗಾದರೂ 32 ಖಚಿತ, ಉಳಿದ 32ರಲ್ಲಿ ಅರ್ಧ. ಹೀಗೆ ಅವನಿಗೆ 48, ಮತ್ತೊಬ್ಬನಿಗೆ 16. ಕಳೆದ ಸುತ್ತುಗಳನ್ನು ಎಣಿಸಬೇಡಿ, ಮುಂದೆ ಆಗಬಹುದಾದುದನ್ನು ಎಣಿಸಿ ಎಂಬುದೇ ಅವರ ಹೊಸ ದೃಷ್ಟಿ. ಕಳೆದುಕೊಂಡ ಹಣವನ್ನು ಹಿಂದಕ್ಕೆ ಪಡೆಯಲೆಂದೇ ಮತ್ತೆ ಆಡುವವನು ಮಾಡುವುದು ಇದಕ್ಕೆ ನೇರ ವಿರುದ್ಧ.

ಕಾನೂನಿನ ವಿಷಯಕ್ಕೆ ಬಂದರೆ, ಪಣ ಮತ್ತು ಜೂಜು ಸಂವಿಧಾನದಲ್ಲಿ ರಾಜ್ಯಪಟ್ಟಿಗೆ ಸೇರಿದ ವಿಷಯ. ಇದರ ಫಲವನ್ನು ಗಡಿಯಾಚೆಯ ಕನ್ನಡಿಗರಷ್ಟು ಕಂಡವರು ವಿರಳ. ಒಂದೇ ಭಾಷೆಯ, ಒಂದೇ ಬಳಗದ ಜನರಿಗೆ ಒಂದೇ ಆಟದ ಬಗ್ಗೆ ಬೇರೆಬೇರೆ ನಿಯಮ. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದವು. ಮಡಕಶಿರಾ, ಆದೋನಿಯವರಿಗೆ ಅದು ಅನ್ವಯ. ಕೇರಳದ 2021ರ ಆನ್‌ಲೈನ್ ರಮ್ಮಿ ನಿಷೇಧವನ್ನು ಅಲ್ಲಿನ ಉಚ್ಚ ನ್ಯಾಯಾಲಯ ಅದೇ ವರ್ಷ ರದ್ದುಮಾಡಿತು. ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ಭಾಗಗಳು 2022ರ ಫೆಬ್ರವರಿಯಲ್ಲಿ ಬಿದ್ದುಹೋದವು. ತಮಿಳುನಾಡಿನ ಕಾನೂನು 2021ರಲ್ಲಿ ಒಮ್ಮೆ ರದ್ದಾಯಿತು. 2022ರ ಹೊಸ ಕಾಯ್ದೆಯೂ ರಮ್ಮಿ ಮತ್ತು ಪೋಕರ್ ಮಟ್ಟಿಗೆ 2023ರ ನವೆಂಬರಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಗುಜರಾತಿನ ಉಚ್ಚ ನ್ಯಾಯಾಲಯವಂತೂ 2017ರಲ್ಲಿ ಪೋಕರನ್ನು ಅದೃಷ್ಟದ ಆಟವೆಂದೇ ಹೇಳಿತ್ತು. ಗೋವೆಯಲ್ಲಿ ಪರವಾನಗಿ ಪಡೆದ ಕ್ಯಾಸಿನೊ ಮಾಂಡವಿ ನದಿಯ ಮೇಲೆ ತೇಲುತ್ತಿದೆ.

ಈ ತೀರ್ಪುಗಳಲ್ಲೆಲ್ಲ ಚರ್ಚೆಯಾದುದು ಒಂದೇ ಪ್ರಶ್ನೆ: ಕೌಶಲ ಹೆಚ್ಚೋ, ಅದೃಷ್ಟ ಹೆಚ್ಚೋ? ಆಟ ನಡೆಸುವವನ ಗಳಿಕೆಯ ಪ್ರಶ್ನೆ ಹಿಂದೆ ಸರಿಯಿತು. ಆದರೆ ಈ ವಾದಕ್ಕೆಲ್ಲ ಆಧಾರವಾದ 1968ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಪೂರ್ತಿ ಓದಬೇಕು. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಎಂಬ ಆ ಪ್ರಕರಣ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟಕ್ಕೆ ಸಂಬಂಧಿಸಿದ್ದು. ರಮ್ಮಿಯಲ್ಲಿ ಕೌಶಲವೇ ಪ್ರಧಾನ ಎಂದು ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದ ಭಾಗವನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಪಣವಿಟ್ಟು ಆಡುವ ರಮ್ಮಿಯಿಂದಾಗಲಿ ಬೇರೆ ಆಟದಿಂದಾಗಲಿ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಸಿದ್ಧವಾಗಬಹುದು ಎಂದು. ಮೂರನೆಯವನ ಪಾಲು ಆ ಪೀಠದ ಕಣ್ಣಿಗೆ ಬಿದ್ದಿತ್ತು. ನನ್ನ ದೃಷ್ಟಿಯಲ್ಲಿ, ಸಂಸಾರಸ್ಥರಿಗೆ ಉಪಯುಕ್ತವಾದ ಪ್ರಶ್ನೆ ಅದೇ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಅದು ಬದಿಗಿಟ್ಟು, ಹಣ ಕಟ್ಟಿ ಹಣದ ಆಸೆಯಿಂದ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತಿಗೆ ಎರಡು ವರ್ಷ, 50 ಲಕ್ಷ. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಗಿವೆ. ದೊಡ್ಡ ಕಂಪನಿಗಳು ಅಂಕಿತ ಬಿದ್ದೊಡನೆ ಹಣದ ಆಟ ನಿಲ್ಲಿಸಿದವು. ವಿಳಾಸವಿಲ್ಲದ, ಹೊರದೇಶದಿಂದ ನಡೆಯುವ ಆ್ಯಪ್‌ಗಳ ಕೊಂಡಿಗಳು ಮೊಬೈಲಿನ ಗುಂಪುಗಳಲ್ಲಿ ಹರಿದಾಡುವುದು ಹಾಗೆ ನಿಲ್ಲುವಂಥದಲ್ಲ. ಅಲ್ಲಿ ಶುಲ್ಕ ಎಷ್ಟೆಂದು ಹೇಳುವವರಿಲ್ಲ, ಗೆದ್ದ ಹಣ ಬಾರದಿದ್ದರೆ ಕೇಳಲು ಕಚೇರಿಯೂ ಇಲ್ಲ.

ಮನೆಯಲ್ಲಿ ಇಂಥದೊಂದು ನಡೆದಿದೆಯೆಂದು ತಿಳಿದಾಗ ಹೆತ್ತವರು ಹೆಚ್ಚಾಗಿ ಬಾಯಿಮುಚ್ಚಿಕೊಳ್ಳುವುದು ಮಗನಿಗೆ ಸೆರೆಯಾದೀತೆಂಬ ಅಂಜಿಕೆಯಿಂದ. ಈ ಕೇಂದ್ರ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆಯನ್ನು ವಿಧಿಸಿಲ್ಲ. ರಾಜ್ಯದ ಕಾಯ್ದೆಗಳ ಮಾತು ಬೇರೆ. ಅದನ್ನು ತಮ್ಮ ಜಿಲ್ಲೆಯ ವಕೀಲರಿಂದಲೇ ಕೇಳಿ ತಿಳಿಯಬೇಕು. ಖಾತೆಯಿಂದ ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿ ಹೆಚ್ಚು.

ಸಾಲ ಕೊಟ್ಟವನು ಮನೆ ಬಾಗಿಲಿಗೆ ಬಂದಾಗ ನೆನಪಿಡಬೇಕಾದ ಸಂಗತಿಗಳೂ ಇವೆ. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನಂತೆ ಬಾಜಿಯ ಒಪ್ಪಂದ ಅನೂರ್ಜಿತ. ಬಾಜಿಯಲ್ಲಿ ಗೆದ್ದೆನೆಂದು ಯಾರೂ ದಾವೆ ಹೂಡಿ ಹಣ ವಸೂಲು ಮಾಡಲಾರರು. ಬಾಜಿ ಕಟ್ಟಲೆಂದು ಬೇರೊಬ್ಬನು ಕೊಟ್ಟ ಸಾಲ ಮಾತ್ರ ಹೀಗೆ ತಾನಾಗಿ ಬಿದ್ದುಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1959ರ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಹೇಳಿದೆ. ಹಳೆಯ ಮುಂಬಯಿ ಪ್ರಾಂತದ 1865ರ ಕಾಯ್ದೆ ಇದಕ್ಕಿಂತ ಮುಂದೆ ಹೋಗಿ, ಬಾಜಿಗೆ ನೆರವಾಗಲು ಮಾಡಿದ ಪೂರಕ ಒಪ್ಪಂದಗಳನ್ನೂ ಅನೂರ್ಜಿತಗೊಳಿಸಿತ್ತು. ಸೊಲ್ಲಾಪುರದ ಕಡೆಯ ಓದುಗರು ಈ ಭೇದವನ್ನು ತಮ್ಮ ವಕೀಲರ ಗಮನಕ್ಕೆ ತರಬಹುದು. ಹದಿನೆಂಟು ತುಂಬದವನು ಮಾಡಿದ ಕರಾರಂತೂ 1903ರ ಮೋಹರಿ ಬೀಬಿ ಪ್ರಕರಣದಿಂದ ಈಚೆಗೆ ಮೂಲದಲ್ಲೇ ಅನೂರ್ಜಿತ. ಆದರೆ ಮೊಬೈಲು ತಾಯಿಯ ಹೆಸರಿನಲ್ಲಿ, ಬ್ಯಾಂಕ್ ಖಾತೆ ತಂದೆಯ ಹೆಸರಿನಲ್ಲಿ ಇರುವಾಗ, ಆಡಿದವನು ಹದಿನಾರರ ಹುಡುಗನೆಂಬುದನ್ನು ಸಾಬೀತುಮಾಡುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ಆದುದರಿಂದ ದಾಖಲೆಗಳನ್ನು ಅಳಿಸದೆ, ಹಣ ಹೋದ ದಿನಾಂಕ, ಹೊತ್ತು, ಸ್ವೀಕರಿಸಿದ ಖಾತೆಯ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆ್ಯಪನ್ನು ತೆಗೆದುಹಾಕುವ ಮೊದಲು ಅದರ ಪುಟಗಳ ಚಿತ್ರಗಳನ್ನು ಉಳಿಸಿಕೊಳ್ಳಬೇಕು.